ಮಾಲೆಗಾಂವ್‌ನ ಸೂಪರ್‌ಮ್ಯಾನ್ ಮತ್ತು ನಮ್ಮ ನಗು

ಗುಂಡ್ಲುಪೇಟೆಯ ತರಗತಿಯೊಂದರಲ್ಲಿ ಕಿಟಕಿಗೆ ಬೆಡ್‌ಶೀಟು ಕಟ್ಟಿ ಹುಡುಗರಿಗೆ ಫೈಜಾ ಅಹ್ಮದ್ ಖಾನ್ ಅವರ ‘ಸೂಪರ್‌ಮೆನ್ ಆಫ್ ಮಾಲೆಗಾಂವ್’ ತೋರಿಸಿದೆ. ನಾಸಿಕ್ ಜಿಲ್ಲೆಯ ಪವರ್‌ಲೂಮ್ ಊರು ಮಾಲೆಗಾಂವ್‌ನಲ್ಲಿ ನಾಸಿರ್ ಶೇಖ್ ಮತ್ತವರ ಗೆಳೆಯರು ‘ಮಾಲೆಗಾಂವ್ ಕಾ ಸೂಪರ್‌ಮ್ಯಾನ್’ ತೆಗೆದ ಬಗೆಯನ್ನು ಹೇಳುವ 2008ರ ಸಾಕ್ಷ್ಯಚಿತ್ರ ಅದು. ಮಗ್ಗದ ಕೂಲಿ ಶಫೀಕ್ ಶೇಖ್ ಸೂಪರ್‌ಮ್ಯಾನಿನ ವೇಷದಲ್ಲಿ ಬಂದರು. ಎಲುಬು ಎಣಿಸಬಹುದಾದ ಮೈ, ಹೊರಗೆ ನೇತಾಡುವ ಚಡ್ಡಿಯ ಲಾಡಿ. ಹುಡುಗರು ಹೋ ಅಂತ ನಕ್ಕರು. ಹಿಂದಿನ ಬೆಂಚಿನವನೊಬ್ಬ, “ಸಾ, ಇಂವ ನಮ್ ಮಾವನಂಗೇ ಅವ್ನೆ ಕಣ್ ಸಾ” ಅಂದ. ಮತ್ತೆ ನಗು. ಆದರೆ ಈ ಎರಡನೆಯ ನಗುವಿನ ಜಾತಿಯೇ ಬೇರೆ.

ಸಂಜೆ ಚಾಮರಾಜನಗರದ ಬಸ್ಸಿನಲ್ಲಿ ಕೂತಾಗ ನನ್ನನ್ನು ಕಾಡಿದ್ದು ಇದೇ. ಈ ಚಿತ್ರದ ಬಗ್ಗೆ ನಗರದ ಪ್ರೇಕ್ಷಕರು ಆಡುವ ಮೆಚ್ಚುಗೆಯಲ್ಲಿ ಒಂದು ಪದ ಮತ್ತೆ ಮತ್ತೆ ಬರುತ್ತದೆ: ಮುಗ್ಧತೆ. ಯಾವುದು ಮುಗ್ಧತೆ? ವಿಡಿಯೋ ಪಾರ್ಲರ್ ನಡೆಸುತ್ತ, ನೋಡಿ ನೋಡಿಯೇ ಕತ್ತರಿಸಿ ಜೋಡಿಸುವುದನ್ನು ಕಲಿತವರು ನಾಸಿರ್. 2000ದಲ್ಲಿ ಸುಮಾರು 50 ಸಾವಿರ ರೂಪಾಯಿಯಲ್ಲಿ ‘ಮಾಲೆಗಾಂವ್ ಕೆ ಶೋಲೆ’ ತೆಗೆದವರು. ಸೂಪರ್‌ಮ್ಯಾನ್ ಹಾರಬೇಕು, ಅದಕ್ಕೆ ಹಸಿರು ಬಟ್ಟೆ ಕಟ್ಟಿ ಅದರ ಮುಂದೆ ಆ ಸಣಕಲು ಮೈಯನ್ನು ಅಡ್ಡ ಮಲಗಿಸುತ್ತಾರೆ. ಇದ್ದೊಂದು ಕ್ಯಾಮರಾ ನೀರಿಗೆ ಬೀಳುತ್ತದೆ. ನಡುವೆ ನಾಯಕನ ಮದುವೆ ಬೇರೆ. ಇಷ್ಟೆಲ್ಲ ಲೆಕ್ಕ ಹಾಕಿ ದುಡಿದವರನ್ನು ‘ಮುಗ್ಧರು’ ಅಂದುಬಿಟ್ಟರೆ ಅವರ ಕಸುಬನ್ನು ವಿಮರ್ಶಿಸುವ ಹೊಣೆ ತಪ್ಪುತ್ತದೆ. ದುಡ್ಡಿದ್ದವನು ಮಾಡಿದರೆ ಪ್ರಯೋಗ, ಇಲ್ಲದವನು ಮಾಡಿದರೆ ಮುಗ್ಧತೆ!

ಈ ಪದ ನಮಗೆ ಹೊಸದಲ್ಲ. ನಮ್ಮ ಸೀಮೆಯ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಕಟ್ಟುವ ಮಂಟೇಸ್ವಾಮಿ ಕಾವ್ಯಕ್ಕೂ ಶಿಷ್ಟ ವಿಮರ್ಶೆ ಬಹುಕಾಲ ಇದೇ ‘ಜನಪದರ ಮುಗ್ಧತೆ’ಯ ಸರ್ಟಿಫಿಕೇಟು ಕೊಡುತ್ತಿತ್ತು. ಅಲ್ಲಿ ಧರೆಗೆ ದೊಡ್ಡವರು ನಾರುವ ಮೈಯಲ್ಲಿ, ಹೆಂಡ ಬಾಡಿನ ಸಮೇತ ಕಲ್ಯಾಣಕ್ಕೆ ಬರುತ್ತಾರೆ. ಅಸಹ್ಯಪಟ್ಟವರು ಪರೀಕ್ಷೆಯಲ್ಲಿ ಸೋಲುತ್ತಾರೆ. ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋದ ಸಿದ್ದಪ್ಪಾಜಿ ಪಡಬಾರದ ಪಾಡು ಪಟ್ಟು ಗೆದ್ದು ಬರುತ್ತಾರೆ. ಚಿಕ್ಕಲ್ಲೂರಿಗೆ ನಡೆದುಹೋಗುವ ನಮ್ಮ ಜನಕ್ಕೆ ಪವಾಡ ಅಂದರೆ ಕಟ್ಟುಮಸ್ತಾದ ಮೈಯಲ್ಲ. ಹಾಗಾಗಿ ಆ ಹುಡುಗನಿಗೆ ಶಫೀಕ್ ತನ್ನ ಮಾವನಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಅವನು ನಕ್ಕಿದ್ದು ಗುರುತು ಹಿಡಿದು.

ಅನುಕರಣೆ ತಾನೇ ಎನ್ನುವವರಿದ್ದಾರೆ. ಮೂಲದ ಸೂಪರ್‌ಮ್ಯಾನನ್ನು ಕಟ್ಟಿದವರಾದರೂ ಯಾರು? ಜೆರ್ರಿ ಸೀಗಲ್, ಜೋ ಶೂಸ್ಟರ್ ಎಂಬ ಯಹೂದಿ ವಲಸಿಗರ ಮಕ್ಕಳು. 1938ರಲ್ಲಿ 130 ಡಾಲರಿಗೆ ಹಕ್ಕು ಬರೆದುಕೊಟ್ಟು ಕೈ ತೊಳೆದುಕೊಂಡರು. ಒಡೆತನ ಕಂಪನಿಯದಾಯಿತು. ನನಗನಿಸುವಂತೆ ಮಾಲೆಗಾಂವ್‌ನವರು ಅವನನ್ನು ಕೂಲಿಕಾರರ ಓಣಿಗೆ ವಾಪಸ್ ಕರಕೊಂಡು ಬಂದರು. ಗಾಜನೂರಿನ ಅಣ್ಣಾವ್ರ ಸೀಮೆಯ ನಾವು ಅಭಿಮಾನ ಅಂದರೆ ಕಟೌಟಿಗೆ ಹಾರ ಹಾಕುವುದೆಂದೇ ತಿಳಿದೆವು. ಅಭಿಮಾನಿಯೇ ಕ್ಯಾಮರಾ ಹಿಡಿಯಬಹುದು ಅಂತ ನಮ್ಮ ಕೇರಿಗಳಲ್ಲಿ ಯಾರಿಗೆ ಹೊಳೆದಿತ್ತು?

ಹಾಗಂತ ಹೊಗಳಿ ಮುಗಿಸುವಂತಿಲ್ಲ. ಊರಿನ ಹೆಂಗಸರು ಪಾತ್ರ ಮಾಡುವಂತಿಲ್ಲವೆಂದು ನಟಿಯರನ್ನು ಹೊರಗಿನಿಂದ ಕರೆಸುತ್ತಾರೆ. “ಅವ್ರ್ ಮನೆ ಹೆಣ್ಮಕ್ಳು ಎಲ್ಲೋದ್ರು ಸಾ?” ಅಂತ ಮುಂದಿನ ಬೆಂಚಿನ ಹುಡುಗಿ ಕೇಳಿದಳು. ನನ್ನಲ್ಲಿ ಉತ್ತರ ಇರಲಿಲ್ಲ. ಬಡವರ ಸಿನಿಮಾ ಅನ್ನುವ ಕಾರಣಕ್ಕೆ ಈ ಪ್ರಶ್ನೆಯನ್ನು ಬದಿಗೆ ಸರಿಸುವುದೂ ಒಂದು ಬಗೆಯ ತಾತ್ಸಾರವೇ.

ಪರದೆಯ ಮೇಲೆ ಶಫೀಕ್ ತಂಬಾಕಿನ ವಿರುದ್ಧ ಹೋರಾಡಿದರು. 2011ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಸಾಕ್ಷ್ಯಚಿತ್ರ ಥಿಯೇಟರಿಗೆ ಬಂದದ್ದು 2012ರಲ್ಲಿ. 2025ರಲ್ಲಿ ರೀಮಾ ಕಾಗ್ತಿ ಅವರ ‘ಸೂಪರ್‌ಬಾಯ್ಸ್ ಆಫ್ ಮಾಲೆಗಾಂವ್’ ದೊಡ್ಡ ಬಂಡವಾಳದಲ್ಲೇ ಬಂತು. ಅವರ ಬಗ್ಗೆ ತೆಗೆದದ್ದಕ್ಕೆ ದುಡ್ಡು ಸಿಕ್ಕಿತು, ಅವರು ತೆಗೆದದ್ದಕ್ಕೆ ಸಿಗಲಿಲ್ಲ.

ಬೆಡ್‌ಶೀಟು ಬಿಚ್ಚುವಾಗ ಆ ಹಿಂದಿನ ಬೆಂಚಿನವನು ಬಂದು, “ಸಾ, ಇದು ಪಿಚ್ಚರ್ ತೆಗ್ದುದ್ನ ತೋರ್ಸಿದ್ದು. ಅವ್ರ್ ತೆಗ್ದ ಪಿಚ್ಚರ್ ಎಲ್ಲದೆ?” ಅಂದ. ಆ ಚಿತ್ರವನ್ನು ನಾನೂ ಪೂರ್ತಿ ನೋಡಿರಲಿಲ್ಲ.