ಸೆರೆಮನೆಯಲ್ಲಿ ಮೊಳಗಿದ ತೀರ್ಪಿನ ಗೀತೆ

ಮೃತರ ಬಲಿಪೂಜೆಯು ಲತೀನ್ ಭಾಷೆಯಲ್ಲಿ ನಡೆಯುತ್ತಿದ್ದ ಕಾಲವನ್ನು ಕಂಡ ಹಿರಿಯರು ನಿಮ್ಮ ಮನೆಯಲ್ಲಿದ್ದರೆ 'ದಿಯೆಸ್ ಈರೇ' ಗೀತೆಯ ಬಗ್ಗೆ ಕೇಳಿ ನೋಡಿ. ಅಂತಿಮ ತೀರ್ಪಿನ ದಿನವನ್ನು ಕಣ್ಣಮುಂದೆ ನಿಲ್ಲಿಸುವ ಆ ಗೀತೆ ತಮ್ಮ ಎಳೆಯ ಮನಸ್ಸಿನಲ್ಲಿ ಎಂಥ ಭಯ ಹುಟ್ಟಿಸುತ್ತಿತ್ತೆಂದು ಅವರು ಹೇಳಿಯಾರು. ಇಟಲಿಯ ವೆರ್ದಿ, ಸಾಹಿತಿ ಮಂಜೋನಿಯವರ ಸ್ಮರಣಾರ್ಥ ರಚಿಸಿ 1874ರಲ್ಲಿ ಮಿಲಾನಿನಲ್ಲಿ ಹಾಡಿಸಿದ 'ರೆಕ್ವಿಯೆಮ್' ಕೃತಿಯಲ್ಲಿ ಆ ಭಯಕ್ಕೆ ಭೇರಿಯ ಸದ್ದು ಕೂಡಿಕೊಂಡಿದೆ. ವೆರ್ದಿ ಸ್ವತಃ ಅಷ್ಟೇನೂ ಭಕ್ತರಾಗಿರಲಿಲ್ಲ ಎಂಬುದು ಬೇರೆ ಮಾತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಕೃತಿಯನ್ನು ಯೆಹೂದ್ಯ ಸೆರೆಯಾಳುಗಳು ಹಾಡಿದರು. ಪ್ರಾಗ್ ನಗರದ ಉತ್ತರಕ್ಕಿರುವ ತೆರೆಜೀನ್ ಎಂಬ ಕೋಟೆಪಟ್ಟಣಕ್ಕೆ ನಾಝಿಗಳು ಸುಮಾರು 1,40,000 ಮಂದಿಯನ್ನು ತಂದು ತುಂಬಿದ್ದರು. ಅವರಲ್ಲಿ ಸುಮಾರು 33,000 ಮಂದಿ ಅಲ್ಲಿಯೇ ಸತ್ತರು. ಹೆಚ್ಚುಕಡಿಮೆ 90,000 ಮಂದಿಯನ್ನು ಪೂರ್ವಕ್ಕೆ, ಬಹುಪಾಲು ಸಾವಿಗೆ, ಸಾಗಿಸಲಾಯಿತು. ಇಂಥಲ್ಲಿ ರಫಾಯೆಲ್ ಶೆಖ್ಟರ್ ಎಂಬ ಸಂಗೀತ ನಿರ್ದೇಶಕ ದೊಡ್ಡದೊಂದು ಗಾನವೃಂದವನ್ನು ಕಟ್ಟಿದರು. ದುಡಿದು ಹಸಿದು ಬಂದವರು ಸಂಜೆ ಸೇರಿ ಲತೀನ್ ಪದಗಳನ್ನು ಬಾಯಿಪಾಠ ಮಾಡಿಕೊಂಡರು. ರೈಲುಗಳು ಗಾಯಕರನ್ನು ಹೊತ್ತೊಯ್ದಾಗ ಶೆಖ್ಟರ್ ಹೊಸಬರನ್ನು ಸೇರಿಸಿ ಮೊದಲಿನಿಂದ ಕಲಿಸಿದರು. ಕ್ರೈಸ್ತರ ಪ್ರಾರ್ಥನೆಯನ್ನು ನಾವೇಕೆ ಹಾಡಬೇಕೆಂದು ಶಿಬಿರದಲ್ಲೇ ಆಕ್ಷೇಪವೂ ಎದ್ದಿತು. ಆ ಆಕ್ಷೇಪ ನಮ್ಮನ್ನೂ ತುಸು ಚುಚ್ಚಬೇಕಲ್ಲವೇ? ಅವರನ್ನು ಸೆರೆಗೆ ತಳ್ಳಿದವರಲ್ಲಿ ಜ್ಞಾನಸ್ನಾನ ಪಡೆದವರು ಕಡಿಮೆಯಿರಲಿಲ್ಲ.

ವೆರ್ದಿಯ ಭೇರಿಗಳು ತೆರೆಜೀನಿನಲ್ಲಿ ಇರಲಿಲ್ಲ. ಪಿಯಾನೋ ಒಂದರ ಆಸರೆಯಲ್ಲಿ ಇಡೀ ಭಾರವನ್ನು ಮನುಷ್ಯರ ಕೊರಳುಗಳೇ ಹೊತ್ತವು. ದೇವಾಲಯದಲ್ಲಿ ಪಾಪಿಯು ತನ್ನ ಬಗ್ಗೆಯೇ ನಡುಗುತ್ತ ಕೇಳುವ ತೀರ್ಪಿನ ಗೀತೆ ಇಲ್ಲಿ ಸೆರೆಯಲ್ಲಿಟ್ಟವರತ್ತ ತಿರುಗಿತು. ಕೊನೆಯ 'ಲಿಬೆರಾ ಮೆ' ಭಾಗದಲ್ಲಿ ಸಂಗೀತ ಪಿಸುಮಾತಿನಷ್ಟಕ್ಕೆ ಇಳಿಯುತ್ತದೆ. ಬಿಡುಗಡೆಯ ಆ ಮೊರೆ ಅವರ ಬಾಯಲ್ಲಿ ಅಲಂಕಾರವಾಗಿ ಉಳಿದಿರಲಾರದು.

ಆದರೂ ಈ ಕಥೆಯನ್ನು ಸಿಹಿಯಾಗಿ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಶಿಬಿರದ ಸಂಗೀತಕ್ಕೆ ನಾಝಿಗಳ ಅನುಮತಿಯಿತ್ತು. 1944ರ ಜೂನ್ 23ರಂದು ರೆಡ್‌ಕ್ರಾಸ್ ಪ್ರತಿನಿಧಿಗಳಿಗೆ ಶೃಂಗರಿಸಿದ ಪಟ್ಟಣವನ್ನು ತೋರಿಸಿ ಅವರು ಲೋಕವನ್ನೇ ವಂಚಿಸಿದರು. ಬಳಿಕ ಚಲನಚಿತ್ರವನ್ನೂ ತೆಗೆಸಿದರು. ಹಾಡು ಸಾವಿನ ರೈಲುಗಳನ್ನು ನಿಲ್ಲಿಸಲಿಲ್ಲ. ಹಾಗಾದರೆ ಇದರಲ್ಲಿ ಪ್ರತಿರೋಧ ಎಲ್ಲಿದೆ?

ಉತ್ತರವನ್ನು ನಾನು ಇನ್ನೊಬ್ಬ ಸೆರೆಯಾಳು ವಿಕ್ಟರ್ ಉಲ್ಮಾನ್ ಅವರಲ್ಲಿ ಕಾಣುತ್ತೇನೆ. ಸಂಗೀತ ರಚನಕಾರರಾದ ಅವರು ಶಿಬಿರದ ಕಛೇರಿಗಳಿಗೆ ವಿಮರ್ಶೆ ಬರೆದರು. ಬದುಕಿರುವುದೇ ದೊಡ್ಡದೆಂದು ಕನಿಕರದಿಂದ ಬೆನ್ನು ತಟ್ಟಲಿಲ್ಲ. ಸ್ವತಂತ್ರ ನಗರವೊಂದರ ಸಭಾಂಗಣದಲ್ಲಿ ಕೂತವರಂತೆ ಗುಣದೋಷಗಳನ್ನು ತೂಗಿದರು. ಸಂಖ್ಯೆಗಳಾಗಿ ಎಣಿಸಲ್ಪಟ್ಟವರನ್ನು ಕಲಾವಿದರೆಂದೇ ಅಳೆಯುವ ಈ ಹಟಕ್ಕೆ ಶಿಬಿರದ ಅಧಿಕಾರಿಗಳ ಅನುಮತಿ ಬೇಕಿರಲಿಲ್ಲ.

1944ರ ಅಕ್ಟೋಬರಿನಲ್ಲಿ ಇಬ್ಬರನ್ನೂ ಆಶ್ವಿಟ್ಜ್‌ಗೆ ಕಳುಹಿಸಲಾಯಿತು. ಉಲ್ಮಾನ್ ಅಲ್ಲಿ ಕೊಲೆಯಾದರು. ಶೆಖ್ಟರ್ ಬಿಡುಗಡೆಯ ದಿನವನ್ನು ಕಾಣಲಿಲ್ಲ. ಹೊರಡುವ ಮುನ್ನ ಉಲ್ಮಾನ್ ತಮ್ಮ ಹಸ್ತಪ್ರತಿಗಳನ್ನು ಶಿಬಿರದ ಜೊತೆಗಾರನೊಬ್ಬನ ವಶಕ್ಕೆ ಕೊಟ್ಟಿದ್ದರು. ಅವು ಉಳಿದಿವೆ.