ಆನೆಯೋ ಎತ್ತೋ: ಬಾದಾಮಿಯ ಮೊದಲ ಗುಹೆಯ ಮುಂದೆ ನಿಲ್ಲುವವರಿಗೆ

ಬಾದಾಮಿಯ ಮೊದಲ ಗುಹೆಯ ಮೆಟ್ಟಿಲು ಹತ್ತಿದವರು ಸಾಮಾನ್ಯವಾಗಿ ಬಲಕ್ಕೆ ತಿರುಗುತ್ತಾರೆ. ಹದಿನೆಂಟು ಕೈಯ ನಟರಾಜ ಅಲ್ಲಿದ್ದಾನೆ, ಗೈಡ್ ಅಲ್ಲಿದ್ದಾನೆ, ಮೊಬೈಲ್ ಎತ್ತಿ ಹಿಡಿದ ಜನವೂ ಅಲ್ಲೇ ಇರುತ್ತದೆ. ಎಡಗಡೆ ತ್ರಿಶೂಲ ಹಿಡಿದು ನಿಂತ ದ್ವಾರಪಾಲಕನ ಕೆಳಗೆ ಒಂದು ಸಣ್ಣ ಕೆತ್ತನೆ ಇದೆ. ಅದನ್ನು ನೋಡದೆ ಹೋಗುವವರೇ ಹೆಚ್ಚು. ಒಂದು ಸಲ ನಾನು ಅದರ ಮುಂದೆ ನಿಂತಿದ್ದಾಗ ರುಮಾಲು ಸುತ್ತಿದ ಹಿರಿಯರೊಬ್ಬರು ಮೊಮ್ಮಗಳ ಕೈ ಹಿಡಿದುಕೊಂಡು ಬಂದರು.

“ಅಜ್ಜಾ, ಆನಿ ನೋಡಲ್ಲೆ!”

“ಆನಿ ಎಲ್ಲೈತಿ? ಅದು ಎತ್ತವಾ.”

“ಎತ್ತಲ್ಲ, ಆನಿ. ಸೊಂಡಿ ಕಾಣವಲ್ದೇನು ನಿನಗ?”

“ನಲವತ್ತ ವರ್ಷ ಎತ್ತು ಕಟ್ಟೀನಿ. ಎತ್ತು ಅಂದ್ರ ಏನಂತ ನನಗ ಹೇಳಾಕ ಬಂದಿಯೇನ?”

ಇಬ್ಬರೂ ಸರಿ. ಅಲ್ಲಿ ಎರಡು ಮೈಗಳಿವೆ, ತಲೆ ಒಂದೇ. ಒಂದು ಮೈಯ ಜೊತೆ ಓದಿಕೊಂಡರೆ ಅದು ಆನೆಯ ತಲೆ, ಇನ್ನೊಂದರ ಜೊತೆ ಓದಿಕೊಂಡರೆ ಎತ್ತಿನ ತಲೆ. ಹುಡುಗಿ ಆಮೇಲೆ ತನ್ನ ಪುಟ್ಟ ಅಂಗೈಯನ್ನು ಅಜ್ಜನ ಕಣ್ಣಿನ ಮುಂದೆ ಹಿಡಿದು ಎತ್ತಿನ ಮೈಯನ್ನು ಮರೆಮಾಡಿದಳು. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೌದಲ್ಲವಾ” ಅಂದರು. ಶಿಲ್ಪ ನೋಡುವ ಬಗ್ಗೆ ನನಗೆ ಗೊತ್ತಿರುವ ಒಳ್ಳೆಯ ಪಾಠಗಳಲ್ಲಿ ಇದೊಂದು. ಈ ಕೈಪಿಡಿಯ ಬಹುಪಾಲು ಆ ಹುಡುಗಿಯ ಅಂಗೈಯಿಂದಲೇ ಕಡ ತಂದದ್ದು.

ಅಜ್ಜನಿಗೆ ಎತ್ತೇ ಮೊದಲು ಕಂಡಿದ್ದು ಆಕಸ್ಮಿಕ ಇರಲಾರದು. ಬಾತುಕೋಳಿಯೂ ಮೊಲವೂ ಆಗಬಲ್ಲ ಒಂದು ಹಳೆಯ ಚಿತ್ರವಿದೆ. ಜರ್ಮನಿಯ ಹಾಸ್ಯ ಪತ್ರಿಕೆಯೊಂದರಲ್ಲಿ 1892ರಲ್ಲಿ ಅಚ್ಚಾಗಿದ್ದ ಅದನ್ನು ಜೋಸೆಫ್ ಜಾಸ್ಟ್ರೋ ಎಂಬ ಮನೋವಿಜ್ಞಾನಿ 1899ರಲ್ಲಿ ವಿದ್ವತ್ ಚರ್ಚೆಗೆ ತಂದ. ಸುಮಾರು ನೂರು ವರ್ಷದ ಮೇಲೆ, ಜ್ಯೂರಿಕ್‌ನ ಮೃಗಾಲಯದ ಬಾಗಿಲಲ್ಲಿ ಬಂದವರಿಗೆ ಸಂಶೋಧಕರು ಅದನ್ನು ತೋರಿಸಿ ಇದೇನೆಂದು ಕೇಳಿದರು. ಈಸ್ಟರ್ ಹಬ್ಬದ ಭಾನುವಾರ ಹೆಚ್ಚು ಜನರಿಗೆ ಮೊಲ ಕಂಡಿತು. ಅಕ್ಟೋಬರ್‌ನಲ್ಲಿ ಹೆಚ್ಚಿನವರಿಗೆ ಹಕ್ಕಿ. ಆ ದೇಶಗಳಲ್ಲಿ ಈಸ್ಟರ್ ಅಂದರೆ ಮೊಲದ ಹಬ್ಬ ತಾನೆ. ಗೆರೆ ಅದೇ, ಕಾಗದ ಅದೇ. ನೋಡುವವರ ತಲೆಯೊಳಗೆ ಕಾದು ಕೂತಿದ್ದ ಪ್ರಾಣಿ ಬೇರೆ.

ಇಲ್ಲಿ ಒಂದು ವಿಷಯ ಗಮನಿಸಿ. ಮೊಲ ಕಂಡ ಕ್ಷಣ ಬಾತಿನ ಕೊಕ್ಕು ಎಂಬ ಬಿಡಿಭಾಗವೇ ಇರುವುದಿಲ್ಲ, ಅದು ಕಿವಿಯಾಗಿಬಿಟ್ಟಿರುತ್ತದೆ. ಮೊದಲು ಬಿಡಿಗಳನ್ನು ಗುರುತಿಸಿ ಆಮೇಲೆ ಕೂಡಿಸಿ ಇಡಿಯನ್ನು ಕಟ್ಟುತ್ತೇವೆ ಎಂದುಕೊಂಡಿದ್ದರೆ ಆ ಎಣಿಕೆಯನ್ನು ಇಲ್ಲೇ ಬಿಡಬೇಕು. ಯಾವ ಬಿಡಿ ಏನು ಎಂಬುದನ್ನು ಇಡಿಯೂ ತೀರ್ಮಾನಿಸುತ್ತದೆ. ‘ಇಡಿ ಎಂಬುದು ಬಿಡಿಗಳ ಮೊತ್ತಕ್ಕಿಂತ ದೊಡ್ಡದು’ ಎಂಬ ಮಾತು ಸನ್ಮಾನ ಸಮಾರಂಭಗಳ ಭಾಷಣದಲ್ಲಿ ಸವೆದು ಹೋಗಿದೆ. ವರ್ಥೈಮರ್, ಕೋಲರ್ ಜೊತೆ ಸೇರಿ ಗೆಸ್ಟಾಲ್ಟ್ ಎಂಬ ಮನೋವಿಜ್ಞಾನದ ಪಂಥ ಕಟ್ಟಿದ ಕುರ್ಟ್ ಕೋಫ್ಕಾ (ಕತೆಗಾರ ಕಾಫ್ಕಾ ಅಲ್ಲ, ಇವನು ಬೇರೆ) ಹೇಳಿದ್ದು ದೊಡ್ಡದು ಎಂದಲ್ಲ, ಬೇರೆಯದು ಎಂದು. ದ್ವಾರಪಾಲಕನ ಕೆಳಗಿನ ಆ ತಲೆಯನ್ನು ನೋಡಿದರೆ ‘ಬೇರೆ’ ಎಂಬ ಪದ ಎಷ್ಟು ಸರಿಯಾದದ್ದು ಎಂದು ತಿಳಿಯುತ್ತದೆ. ಅಲ್ಲಿ ಮೊತ್ತ ಹೆಚ್ಚಾಗಿಲ್ಲ, ತಲೆಯ ಲೆಕ್ಕದಲ್ಲಿ ಒಂದು ಕಡಿಮೆಯೇ ಆಗಿದೆ.

ಈಗ ನಟರಾಜನ ಕಡೆ ಹೋಗೋಣ. ಬೆಳಿಗ್ಗೆ ಬೇಗ ಬಂದಿದ್ದರೆ ಒಳ್ಳೆಯದು, ಶಾಲಾ ಪ್ರವಾಸದ ಬಸ್ಸುಗಳು ಬರುವ ಮುಂಚೆ. ಕೈಯಲ್ಲಿ ತಿಂಡಿಯ ಪೊಟ್ಟಣ ಬೇಡ, ಮಂಗಗಳು ಅದನ್ನು ಇಡಿಯಾಗಿಯೇ ನೋಡುತ್ತವೆ.

ಹತ್ತಿರ ಹೋಗಬೇಡಿ. ಹೊಸಬರು ಮಾಡುವ ಮೊದಲ ತಪ್ಪೇ ಅದು: ಶಿಲ್ಪ ಸಿಕ್ಕ ತಕ್ಷಣ ಮೂಗು ತಾಗುವಷ್ಟು ಹತ್ತಿರ ಹೋಗಿ ‘ಎಂಥ ಕುಸುರಿ!’ ಎನ್ನುವುದು. ಹತ್ತಡಿ ದೂರದಲ್ಲಿ ನಿಂತು ತೋಳನ್ನು ಪೂರ್ತಿ ಚಾಚಿ ಹೆಬ್ಬೆರಳು ಎತ್ತಿ. ಆ ಉಗುರಿನ ಅಗಲ ಸುಮಾರು ಎರಡು ಡಿಗ್ರಿ. ನಮ್ಮ ಕಣ್ಣು ಯಾವ ಗಳಿಗೆಯಲ್ಲೂ ಚೆನ್ನಾಗಿ ಸ್ಪಷ್ಟವಾಗಿ ಕಾಣುವುದು ಹೆಚ್ಚುಕಡಿಮೆ ಅಷ್ಟನ್ನೇ. ಹತ್ತಡಿ ದೂರದ ಬಂಡೆಯ ಮೇಲೆ ಅದು ಸುಮಾರು ಹತ್ತು ಸೆಂಟಿಮೀಟರ್ ತುಂಡು, ಶಿವನ ಒಂದು ಹಸ್ತ ಹಿಡಿಸಿದರೆ ಹೆಚ್ಚು. ಶಿಲ್ಪ ಸುಮಾರು ಐದಡಿ ಎತ್ತರ. ಉಳಿದದ್ದೆಲ್ಲ ಆ ಗಳಿಗೆಯಲ್ಲಿ ಮಸುಕು. ಕಣ್ಣು ಸೆಕೆಂಡಿಗೆ ಮೂರು ಸಲದಂತೆ ಅಲ್ಲಿಂದಿಲ್ಲಿಗೆ ಜಿಗಿಯುತ್ತಾ ತುಂಡು ತುಂಡಾಗಿ ಆಯ್ದು ತರುತ್ತಿರುತ್ತದೆ. ಆದರೆ ನಮಗೆ ತುಂಡುಗಳು ಕಾಣುವುದಿಲ್ಲ. ನೋಡಿದ ಕೂಡಲೇ ಕಾಣುವುದು ಕುಣಿಯುತ್ತಿರುವ ಒಬ್ಬ ದೇವರು. ಮಸುಕು ನೋಟವೇ ಮುಂಚಿತವಾಗಿ ಆಕಾರವನ್ನು ಕೊಟ್ಟುಬಿಟ್ಟಿರುತ್ತದೆ, ಸ್ಪಷ್ಟ ನೋಟ ಹಿಂದಿನಿಂದ ಬಂದು ವಿವರ ತುಂಬುತ್ತದೆ.

ಇದನ್ನು ಬೇಕೆಂದೇ ಮಾಡಿ ನೋಡಬಹುದು. ಚಿತ್ರಕಾರರು ಮಾಡುವಂತೆ ಕಣ್ಣನ್ನು ಕಿರಿದು ಮಾಡಿ, ರೆಪ್ಪೆಗಳ ನಡುವಿನಿಂದ ನೋಡಿ. ಬಳೆ, ಬೆರಳು, ಕಿರೀಟದ ಕುಸುರಿ ಎಲ್ಲ ಅಳಿಸಿಹೋಗುತ್ತವೆ. ಉಳಿಯುವುದು ಬಾಗಿದ ಒಂದು ಮೈ, ಅದರ ಎರಡೂ ಬದಿಗೆ ಬೀಸಣಿಗೆಯಂತೆ ಬಿಚ್ಚಿಕೊಂಡ ಕೈಗಳ ಹರವು. ಹದಿನೆಂಟು ಕೈಯ ಮನುಷ್ಯ ಎದುರು ಬಂದರೆ ಓಡಿಹೋಗಬೇಕು. ಇಲ್ಲಿ ಹೆದರಿಕೆ ಹುಟ್ಟುವುದಿಲ್ಲ, ಏಕೆಂದರೆ ಕಣ್ಣು ಅವನ್ನು ಹದಿನೆಂಟು ಎಂದು ತೆಗೆದುಕೊಳ್ಳುವುದೇ ಇಲ್ಲ. ಒಂದೇ ಬಗೆಯವು, ಒಂದರ ಪಕ್ಕ ಒಂದು ಇರುವಂಥವು, ಒಂದೇ ಕಡೆಯಿಂದ ಹೊರಟು ಹರಡುವಂಥವು ಕಣ್ಣಿಗೆ ಒಂದು ಗುಂಪು. ವರ್ಥೈಮರ್ 1923ರಲ್ಲಿ ಚುಕ್ಕಿಗಳನ್ನೂ ಗೆರೆಗಳನ್ನೂ ಇಟ್ಟುಕೊಂಡು ಈ ಸಾಮ್ಯ, ಸಾಮೀಪ್ಯಗಳ ನಿಯಮಗಳನ್ನು ಬರೆದ. ಬಾದಾಮಿಯ ಶಿಲ್ಪಿ 6ನೇ ಶತಮಾನದಲ್ಲೇ ಅವುಗಳ ಮೇಲೆ ಭಾರ ಹಾಕಿ ನಿಂತಿದ್ದ. ಅವನಿಗೆ ವಿಜ್ಞಾನ ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಅಂಥ ಹೆಮ್ಮೆಯ ಮಾತುಗಳು ವಾಟ್ಸಾಪ್‌ನಲ್ಲಿ ಬೇಕಾದಷ್ಟಿವೆ. ಅವನಿಗೆ ಕಣ್ಣು ಗೊತ್ತಿತ್ತು.

ಇಷ್ಟಾದ ಮೇಲೆ ಗೈಡ್ ಆಡಿಸುವ ಆಟ ಆಡಿ. ಒಂದು ಬದಿಗೆ ಒಂಬತ್ತು ಕೈ, ಇನ್ನೊಂದು ಬದಿಗೆ ಒಂಬತ್ತು. ಆ ಕಡೆಯದೊಂದು, ಈ ಕಡೆಯದೊಂದು ಜೋಡಿ ಮಾಡುತ್ತಾ ಹೋದರೆ ಎಂಬತ್ತೊಂದು ಭಂಗಿ ಸಿಗುತ್ತವೆ ಎನ್ನುತ್ತಾನೆ ಅವನು. ಲೆಕ್ಕವೇನೋ ಸರಿ. ನನ್ನ ತಕರಾರು ಲೆಕ್ಕದ ಮೇಲಲ್ಲ, ಅದನ್ನು ಮೊದಲೇ ಹೇಳುವುದರ ಮೇಲೆ. ಎಂಬತ್ತೊಂದು ಎಂದು ಕಿವಿಗೆ ಬಿದ್ದವರು ಎಣಿಸುತ್ತಲೇ ಉಳಿಯುತ್ತಾರೆ. ಮೊದಲು ಹರವನ್ನು ಕಂಡವರಿಗೆ ಈ ಆಟ ಬೇರೆಯದೇ ಒಂದನ್ನು ಕೊಡುತ್ತದೆ. ಒಂದು ಕಣ್ಣು ಮುಚ್ಚಿ ಎರಡೂ ಅಂಗೈಗಳನ್ನು ಗಾಳಿಯಲ್ಲಿ ಹಿಡಿದು, ಶಿಲ್ಪವನ್ನು ಮುಟ್ಟದೆ, ಒಂದು ಜೋಡಿ ಕೈ ಮಾತ್ರ ಉಳಿಯುವಂತೆ ಮರೆಮಾಡಿ. ಕುಣಿತ ನಿಂತುಹೋಗುತ್ತದೆ, ಭಂಗಿಯಲ್ಲಿ ನಿಂತ ಒಬ್ಬ ನರ್ತಕ ಉಳಿಯುತ್ತಾನೆ. ಅಂಗೈ ಮೆಲ್ಲಗೆ ಸರಿಸಿ. ಮೈ ಅದೇ, ಕಾಲು ಅದೇ, ಎಲ್ಲವೂ ಕಲ್ಲು. ಆದರೂ ಚಲನೆ ಮರಳುತ್ತದೆ. ಆ ಚಲನೆ ಯಾವ ಕೈಯಲ್ಲಿತ್ತು ಎಂದು ಹುಡುಕಿದರೆ ಯಾವುದರಲ್ಲೂ ಸಿಗದು.

ದೊಡ್ಡ ಆಕಾರ ಮೊದಲು ಎಂಬುದಕ್ಕೆ ಪ್ರಯೋಗಶಾಲೆಯ ಸಾಕ್ಷಿಯೂ ಇದೆ. ಡೇವಿಡ್ ನೇವನ್ 1977ರಲ್ಲಿ ಸಣ್ಣ ಅಕ್ಷರಗಳನ್ನು ಜೋಡಿಸಿ ಬರೆದ ದೊಡ್ಡ ಅಕ್ಷರಗಳನ್ನು ಜನರಿಗೆ ತೋರಿಸಿದ. ಪುಟ್ಟ ಪುಟ್ಟ ‘ಕ’ಗಳಿಂದಲೇ ಬರೆದ ದೊಡ್ಡದೊಂದು ‘ಅ’ ಎಂದುಕೊಳ್ಳಿ. ದೊಡ್ಡ ಅಕ್ಷರ ಯಾವುದು ಎಂದು ಕೇಳಿದರೆ ಸಣ್ಣವು ಅಡ್ಡಿ ಮಾಡಲಿಲ್ಲ. ಸಣ್ಣದು ಯಾವುದು ಎಂದು ಕೇಳಿದರೆ ದೊಡ್ಡದು ಅಡ್ಡ ಬಂದು ತಡಮಾಡಿತು. ಅಕ್ಷರಗಳ ಗಾತ್ರ, ತೋರಿಸುವ ಹೊತ್ತು ಬದಲಾದರೆ ಫಲಿತಾಂಶವೂ ಬದಲಾಗುತ್ತದೆ, ಹಾಗಾಗಿ ಇದನ್ನು ಕಣ್ಣಿನ ಶಾಸನ ಎಂದುಕೊಳ್ಳಬೇಡಿ. ಎರಡನೆಯ ಗುಹೆಯಲ್ಲಿ ತಲೆ ಎತ್ತಿ ನೋಡಿದರೆ ಇದೇ ಪ್ರಯೋಗ ಮಾಳಿಗೆಯಲ್ಲಿದೆ. ಚೌಕದೊಳಗೆ ಒಂದು ಚಕ್ರ. ಕತ್ತು ಸ್ವಲ್ಪ ನೋಯುವ ಹೊತ್ತಿಗೆ ಆ ಚಕ್ರದ ಅರಗಳೆಲ್ಲ ಮೀನುಗಳೆಂದು ಹೊಳೆಯುತ್ತದೆ, ಹದಿನಾರು ಮೀನು. ಮೊದಲು ಮೀನು ಕಂಡು ಆಮೇಲೆ ಚಕ್ರ ಕಂಡವರನ್ನು ನಾನಿನ್ನೂ ನೋಡಿಲ್ಲ.

ಮತ್ತೆ ಮೊದಲ ಗುಹೆಗೇ ಬರೋಣ, ಅದರ ಒಳಗಿನ ಸೊಗಸು ಉಳಿದಿದೆ. ಇಲ್ಲಿಯ ಶಿಲ್ಪಿಗಳಿಗೆ ಬೆಸುಗೆಯ ಹುಚ್ಚು ಇತ್ತೆಂದು ತೋರುತ್ತದೆ. ಹೊರಗೆ ಆನೆ-ಎತ್ತು, ಒಳಗೆ ಹರಿಹರ, ಅರ್ಧನಾರೀಶ್ವರ. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ, ಚಾಲುಕ್ಯ ವಂಶದ ಮಂಗಳೇಶನದು. ಇಲ್ಲಿ ಅಂಥ ಇಸವಿ ಇಲ್ಲ. ಎರಡನ್ನು ಒಂದಾಗಿಸುವ ಈ ಹಟ ಯಾರದ್ದು, ರಾಜನದ್ದೋ ಆಚಾರ್ಯನದ್ದೋ ಉಳಿ ಹಿಡಿದವನದ್ದೋ, ಕಲ್ಲು ಹೇಳುವುದಿಲ್ಲ.

ಹರಿಹರನ ಮುಂದೆ ಹೆಚ್ಚು ಹೊತ್ತು ಬೇಡ. ಏಳೂಮುಕ್ಕಾಲು ಅಡಿಯ ಭವ್ಯ ಮೂರ್ತಿ ಅದು, ಒಂದು ಬದಿ ಶಿವ, ಇನ್ನೊಂದು ಬದಿ ವಿಷ್ಣು, ಅಕ್ಕಪಕ್ಕ ಪಾರ್ವತಿ, ಲಕ್ಷ್ಮಿ. ಆದರೆ ಅಲ್ಲಿ ಬೆಸುಗೆ ಬಹುಮಟ್ಟಿಗೆ ಲಾಂಛನದ್ದು: ಜಟೆಯ ಎದುರು ಕಿರೀಟ, ಹಾವಿನ ಎದುರು ಶಂಖ. ಪಟ್ಟಿ ಓದಿದ ಹಾಗೆ ಓದಿ ಮುಗಿಸಬಹುದು. ಇದು ನನ್ನ ರುಚಿ, ಒಪ್ಪದಿದ್ದರೆ ಅಲ್ಲೇ ನಿಲ್ಲಿ.

ಅರ್ಧನಾರೀಶ್ವರನ ವಿಷಯ ಹಾಗಲ್ಲ. ಅಲ್ಲಿ ಒಂದೇ ಮುಖ ಎರಡು ಜನರದ್ದು, ಮುಖದ ವಿಷಯದಲ್ಲಿ ನಮ್ಮ ಮಿದುಳು ಬಹಳ ಹಟಮಾರಿ. 1987ರಲ್ಲಿ ಆಂಡ್ರ್ಯೂ ಯಂಗ್ ಮತ್ತು ಸಂಗಡಿಗರು ಇಬ್ಬರು ಖ್ಯಾತರ ಫೋಟೊ ಕತ್ತರಿಸಿ, ಒಬ್ಬರ ಹಣೆ-ಕಣ್ಣಿನ ಕೆಳಗೆ ಇನ್ನೊಬ್ಬರ ಮೂಗು-ಬಾಯಿ ಅಂಟಿಸಿದರು. ಮೇಲಿನ ಅರ್ಧ ಯಾರದ್ದು ಎಂದು ಹೇಳಲು ಜನ ತಡವರಿಸಿದರು, ಏಕೆಂದರೆ ಎರಡು ಅರ್ಧಗಳು ಕೂಡಿ ಹಿಂದೆಂದೂ ಕಾಣದ ಮೂರನೆಯ ವ್ಯಕ್ತಿ ಎದ್ದು ನಿಂತಿದ್ದ. ಅರ್ಧಗಳನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ, ಇಲ್ಲವೇ ಚಿತ್ರವನ್ನೇ ತಲೆಕೆಳಗು ಮಾಡಿದರೆ ಗುರುತು ಸುಲಭ. ಅವರು ಕತ್ತರಿಸಿದ್ದು ಅಡ್ಡಡ್ಡ, ನಮ್ಮ ಶಿಲ್ಪಿ ಕೂಡಿಸಿದ್ದು ಉದ್ದುದ್ದ. ಎರಡೂ ಒಂದೇ ಅಲ್ಲ. ಆದರೂ ಆ ಮೂರನೆಯ ವ್ಯಕ್ತಿಯನ್ನು ಇಲ್ಲಿ ಹುಡುಕಿ. ಹತ್ತಡಿ ದೂರದಿಂದ ಮುಖವನ್ನಷ್ಟೇ ನೋಡುತ್ತಿದ್ದರೆ ಶಿವನೂ ಅಲ್ಲದ, ಪಾರ್ವತಿಯೂ ಅಲ್ಲದ ಒಬ್ಬರು ನಿಮ್ಮನ್ನು ನೋಡುತ್ತಿರುತ್ತಾರೆ. ಬೇಕಿದ್ದರೆ ಮೊಬೈಲ್‌ನಲ್ಲಿ ಚಿತ್ರ ತೆಗೆದು ತಲೆಕೆಳಗಾಗಿಸಿ. ಮುಖದ ಹಿಡಿತ ಸಡಿಲವಾಗುತ್ತದೆ, ಆಗ ಕಣ್ಣು ತಾನಾಗಿ ಒಂದೊಂದೇ ಬಿಡಿಯನ್ನು ನೋಡತೊಡಗುತ್ತದೆ.

ಪಕ್ಕದಲ್ಲಿ ಎಲುಬಿನ ಹಂದರವಾಗಿ ನಿಂತವನು ಭೃಂಗಿ. ಅವನ ಕತೆ ಗೊತ್ತಿರಬಹುದು. ಶಿವನಿಗೆ ಮಾತ್ರ ಪ್ರದಕ್ಷಿಣೆ ಹಾಕುತ್ತೇನೆ, ಅಮ್ಮನಿಗಲ್ಲ ಎಂದು ಹಟ ಹಿಡಿದ. ಇಬ್ಬರೂ ಒಂದೇ ಮೈಯಾದರು. ದುಂಬಿಯಾಗಿ ನಡುವೆ ಕೊರೆದು ಅರ್ಧಕ್ಕೇ ಸುತ್ತು ಹಾಕಿದ. ಅಮ್ಮನ ಶಾಪಕ್ಕೆ ಸಿಕ್ಕಿ, ತಾಯಿಯಿಂದ ಬಂದ ರಕ್ತ ಮಾಂಸ ಕಳೆದುಕೊಂಡು ಎಲುಬಾದ. ಇಡಿಯಿಂದ ತನಗೆ ಬೇಕಾದ ಅರ್ಧವನ್ನಷ್ಟೇ ಬಿಡಿಸಿಕೊಳ್ಳಲು ಹೊರಟವನನ್ನು ಶಿಲ್ಪಿ ಬೆಸುಗೆಯ ಪಕ್ಕದಲ್ಲೇ ತಂದು ನಿಲ್ಲಿಸಿದ್ದಾನೆ. ಸ್ವಲ್ಪ ತುಂಟತನವೇ ಸರಿ.

ಇನ್ನು ಕೈಗಳು, ನಾಲ್ಕು. ಶಿವನ ಒಂದು ಕೈಯಲ್ಲಿ ಪರಶು, ಪಾರ್ವತಿಯ ಒಂದು ಕೈಯಲ್ಲಿ ಕಮಲ. ಉಳಿದ ಎರಡು, ಅವನದೊಂದು, ಅವಳದೊಂದು, ಒಂದೇ ವೀಣೆಯ ಮೇಲಿವೆ. ಮೊದಲ ಎರಡು ಸಲ ಹೋದಾಗ ನಾನು ಇದನ್ನು ನೋಡಿಯೇ ಇರಲಿಲ್ಲ. ಜಟೆ, ಓಲೆ, ಎದೆ, ಉಡುಗೆ ಎಂದು ಎಡ-ಬಲದ ವ್ಯತ್ಯಾಸ ಪಟ್ಟಿ ಮಾಡುವುದರಲ್ಲೇ ಮುಳುಗಿದ್ದೆ. ಈಗ ಆ ಹುಡುಗಿಯ ಅಂಗೈ ನೆನಪು ಮಾಡಿಕೊಂಡು, ಒಂದು ಕಣ್ಣು ಮುಚ್ಚಿ, ನಿಮ್ಮ ಅಂಗೈಯನ್ನು ಮೂರ್ತಿಯ ಮೂಗಿನ ನೇರಕ್ಕೆ ಹಿಡಿದು ಪಾರ್ವತಿಯ ಅರ್ಧವನ್ನು ಮರೆಮಾಡಿ. ಶಿವ ಉಳಿಯುತ್ತಾನೆ, ಪರಶು ಉಳಿಯುತ್ತದೆ. ಓಲೆ ಮಾಯ, ಕಮಲ ಮಾಯ. ವೀಣೆ ಮಾತ್ರ ಅಂಗೈಯ ಅಂಚಿಗೆ ಬಂದು ತುಂಡಾದಂತೆ ಕಾಣುವುದಿಲ್ಲ. ಅಂಗೈಯ ಹಿಂದೆ ಮುಂದುವರಿದು, ಈಗ ನಿಮಗೆ ಕಾಣದ ಒಂದು ಕೈಯನ್ನು ಮುಟ್ಟಿರುವಂತೆಯೇ ಇರುತ್ತದೆ.