ನಗಿಸುವವನು ಕಥೆಯೊಳಗಿದ್ದ ಕಾಲ

ಹರಿಶ್ಚಂದ್ರನ ಕಥೆಯಲ್ಲಿ ನಕ್ಷತ್ರಿಕನದು ವಿಚಿತ್ರವಾದ ಜಾಗ. ವಿಶ್ವಾಮಿತ್ರನ ಸಾಲ ವಸೂಲಿಗೆಂದು ರಾಜನ ಬೆನ್ನು ಹತ್ತುವ ಇವನು ಕಾಡುವವನೂ ಹೌದು, ನಗಿಸುವವನೂ ಹೌದು. ಹಂಪಿಯ ವಿರೂಪಾಕ್ಷನನ್ನು ನೆನೆದು ಬರೆದ ರಾಘವಾಂಕ ಈ ಕಥೆಯನ್ನು ಕನ್ನಡಕ್ಕೆ ಕೊಟ್ಟು ಎಂಟುನೂರು ವರ್ಷವಾಗುತ್ತ ಬಂತು. 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರು ‘ಸತ್ಯ ಹರಿಶ್ಚಂದ್ರ’ ಚಿತ್ರ ಮಾಡಿದಾಗ ರಾಜಕುಮಾರ್ ಹರಿಶ್ಚಂದ್ರ, ಪಂಡರೀಬಾಯಿ ಚಂದ್ರಮತಿ, ಉದಯಕುಮಾರ್ ವಿಶ್ವಾಮಿತ್ರ. ನಕ್ಷತ್ರಿಕನ ಪಾತ್ರ ತಿಪಟೂರಿನ ಟಿ.ಆರ್. ನರಸಿಂಹರಾಜು ಅವರದು.

ರಾಜ್ಯ ಕಳೆದುಕೊಂಡವನು ಹೆಂಡತಿ ಮಗನೊಂದಿಗೆ ಕಾಡಿನ ದಾರಿ ನಡೆಯುತ್ತಿದ್ದಾನೆ. ಅವನಿಗೆ ದಣಿವಾಯಿತು ಅನ್ನುವ ಹಕ್ಕಿಲ್ಲ. ದಣಿವಾಯಿತು ಎಂದು ಗೊಣಗುವವನು ನಕ್ಷತ್ರಿಕ. ಅವನ ಗೊಣಗಾಟಕ್ಕೆ ನಾವು ನಗುತ್ತೇವೆ. ನಗುತ್ತಲೇ ಪಕ್ಕದಲ್ಲಿ ಮಾತಿಲ್ಲದೆ ನಡೆಯುತ್ತಿರುವ ರಾಜನ ಮುಖ ಕಾಣುತ್ತದೆ, ನಗು ಗಂಟಲಲ್ಲಿ ನಿಲ್ಲುತ್ತದೆ. ಹಾಸ್ಯಗಾರನನ್ನು ಆ ದಾರಿಯಿಂದ ತೆಗೆದುಬಿಟ್ಟರೆ ಹರಿಶ್ಚಂದ್ರನ ಸಂಕಟದ ಅರ್ಧ ತೂಕ ಇಳಿದುಹೋಗುತ್ತದೆ. ಕನ್ನಡದ ಹಾಸ್ಯನಟರ ಹಳೆಯ ಪರಂಪರೆಯನ್ನು ಅಳೆಯಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಆ ಪರಂಪರೆಯಲ್ಲಿ ನಗೆ ಕಥೆಯ ಒಳಗಿನಿಂದ ಹುಟ್ಟುತ್ತಿತ್ತು, ಎದುರಿಗಿರುವವನಿಂದ ಹುಟ್ಟುತ್ತಿತ್ತು. ಅದರ ಹಿರಿಮೆ ಅಲ್ಲೇ ಇತ್ತು. ಅದನ್ನು ಕಥೆಯಿಂದ ಬಿಡಿಸಿ ಹೊರಗಿಟ್ಟ ದಿನದಿಂದಲೇ ಅದರ ಅವನತಿಯೂ ಶುರುವಾಯಿತು.

ಈ ಕಲೆಯ ಬೇರು ಸಿನಿಮಾಕ್ಕಿಂತ ಬಹಳ ಹಳೆಯದು. ನಮ್ಮ ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಯ ದೊಡ್ಡಾಟದಲ್ಲಿ ಸಾರಥಿ ಇದ್ದಾನೆ. ರಂಗಕ್ಕೆ ಬಂದ ರಾಜನನ್ನು ‘ನೀನು ಯಾರು, ಯಾವ ಊರು’ ಎಂದು ಕೇಳಿ, ಅವನ ಬಿಂಕದ ಮಾತಿಗೆ ಅಡ್ಡಮಾತು ಹಾಕಿ, ಜನರ ಪರವಾಗಿ ನಿಲ್ಲುವವನು. ತೊಗಲುಗೊಂಬೆಯಾಟದಲ್ಲಿ ಕಿಳ್ಳೇಕ್ಯಾತ, ಬಂಗಾರಕ್ಕರ ಜೋಡಿ ಇದೆ. ರಾಮಾಯಣದ ಗಂಭೀರ ಪ್ರಸಂಗದ ನಡುವೆ ಇವರಿಬ್ಬರು ಬಂದು ಗಂಡಹೆಂಡಿರ ಜಗಳ ಆಡಿ ಹೋಗುತ್ತಾರೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು 2023ರಲ್ಲಿ ತೀರಿಕೊಳ್ಳುವವರೆಗೂ ಈ ಗೊಂಬೆಗಳನ್ನು ಊರೂರಿಗೆ, ಪರದೇಶಗಳಿಗೆ ಒಯ್ದರು. ಸಾರಥಿಯಾಗಲಿ ಕಿಳ್ಳೇಕ್ಯಾತನಾಗಲಿ ಬರೀ ಹೊತ್ತು ಕಳೆಯಲು ಬಂದವರಲ್ಲ. ರಾಜನ ಮಾತನ್ನು ಕೇಳಿಸಿಕೊಂಡು, ಅದರಲ್ಲಿ ಎಲ್ಲಿ ಬಿರುಕಿದೆಯೋ ಅಲ್ಲಿ ಕೈ ಹಾಕುವವರು.

ಕಂಪನಿ ನಾಟಕಗಳು ಈ ಕೆಲಸವನ್ನು ವೃತ್ತಿ ಮಾಡಿದವು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯನ್ನು ಎತ್ತರಕ್ಕೆ ಕೊಂಡೊಯ್ದ ಗುಬ್ಬಿ ವೀರಣ್ಣನವರು ಸ್ವತಃ ಹಾಸ್ಯನಟರು. ‘ಸದಾರಮೆ’ಯ ಕಳ್ಳ ಅವರಿಗೆ ಹೆಸರು ತಂದ ಪಾತ್ರ. ಕಂಪನಿಯ ಮಾಲೀಕನೇ ಹಾಸ್ಯದ ಪಾರ್ಟು ಮಾಡುವವನಾಗಿದ್ದರಿಂದ ಹಾಸ್ಯಗಾರನಿಗೆ ಮರ್ಯಾದೆಯ ಜಾಗ ಇತ್ತು. ಇದು ಸಣ್ಣ ಸಂಗತಿಯಲ್ಲ. ಹಿರಣ್ಣಯ್ಯ ಮಿತ್ರ ಮಂಡಳಿಯಲ್ಲಿ ಕೆ. ಹಿರಣ್ಣಯ್ಯನವರು, ಅವರ ನಂತರ ಮಗ ಮಾಸ್ಟರ್ ಹಿರಣ್ಣಯ್ಯನವರು ಹಾಸ್ಯವನ್ನೇ ನಾಟಕದ ಬೆನ್ನೆಲುಬು ಮಾಡಿದರು. ‘ಲಂಚಾವತಾರ’ದಲ್ಲಿ ಅಧಿಕಾರಿಗಳಿಗೂ ಮಂತ್ರಿಗಳಿಗೂ ತಾಗುವ ಮಾತುಗಳನ್ನು ಅವರೆದುರೇ ಆಡಿದರು. ಆದರೆ ಮಾಸ್ಟರ್ ಹಿರಣ್ಣಯ್ಯನವರ ಆ ಧೈರ್ಯಕ್ಕೂ ಒಂದು ಬೆಲೆ ಇತ್ತು ಎಂದು ನನಗೆ ಅನ್ನಿಸುತ್ತದೆ. ಭಾಷಣ ಬೆಳೆದಂತೆ ನಾಟಕ ತೆಳುವಾಗುತ್ತಿತ್ತು, ಎದುರಿನ ಪಾತ್ರ ಬರೀ ಕೇಳುಗನಾಗಿಬಿಡುತ್ತಿತ್ತು.

ನರಸಿಂಹರಾಜು ಹುಟ್ಟಿದ್ದು 1923ರಲ್ಲಿ. ಇನ್ನೂ ಎಳೆಯ ಮಗುವಾಗಿದ್ದಾಗಲೇ ನಾಟಕದ ಕಂಪನಿ ಸೇರಿದರು. ಹಲವು ಕಂಪನಿಗಳನ್ನು ಸುತ್ತಿ ಗುಬ್ಬಿಯವರ ಬಳಿಗೂ ಬಂದರು. 1954ರ ‘ಬೇಡರ ಕಣ್ಣಪ್ಪ’ ಅವರನ್ನು ತೆರೆಗೆ ತಂದಿತು. ರಾಜಕುಮಾರ್ ನಾಯಕರಾದ ಮೊದಲ ಚಿತ್ರವೂ ಅದೇ. 1979ರಲ್ಲಿ ಕಣ್ಣು ಮುಚ್ಚುವವರೆಗಿನ ಕಾಲು ಶತಮಾನದಲ್ಲಿ ಇನ್ನೂರಕ್ಕೂ ಹೆಚ್ಚು ಚಿತ್ರ. ಸಪೂರ ಮೈ, ಮುಂದೆ ಬಂದ ಹಲ್ಲು, ಅವಸರದ ದನಿ, ಸದಾ ಏನೋ ಆಗಿಬಿಡುತ್ತದೆ ಎಂದು ನಿರೀಕ್ಷಿಸುವ ಕಣ್ಣು. ಅವರ ಹಲ್ಲಿನ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನ್ನ ಗಮನ ಅವರ ಕಿವಿಯ ಮೇಲೆ. ರಾಜಕುಮಾರ್ ಜೊತೆಗಿನ ಯಾವ ದೃಶ್ಯವನ್ನಾದರೂ ನರಸಿಂಹರಾಜು ಮಾತಾಡದೆ ಇರುವ ಗಳಿಗೆಗಳಿಗಾಗಿ ನೋಡಿ. ನಾಯಕ ಹೇಳುತ್ತಿರುವುದನ್ನು ಅವರು ಮೈಯೆಲ್ಲ ಕಿವಿಯಾಗಿ ಕೇಳುತ್ತಾರೆ. ಮೊದಲು ನಂಬುತ್ತಾರೆ, ಆಮೇಲೆ ಅನುಮಾನಿಸುತ್ತಾರೆ, ಆಮೇಲೆ ಹೆದರುತ್ತಾರೆ, ಕಡೆಗೆ ಒಂದು ಮಾತು ಬರುತ್ತದೆ. ನಗು ಆ ಮಾತಿಗಲ್ಲ, ಅಲ್ಲಿಯವರೆಗಿನ ಪಯಣಕ್ಕೆ. ನಾಯಕನ ಶೌರ್ಯವನ್ನು ನಾವು ನಂಬುವುದು ಪಕ್ಕದಲ್ಲಿ ನಿಜವಾಗಿ ಹೆದರುವ ಒಬ್ಬ ಮನುಷ್ಯ ಇರುವುದರಿಂದ.

1970ರ ‘ಶ್ರೀಕೃಷ್ಣದೇವರಾಯ’ದಲ್ಲಿ ಅವರು ತೆನಾಲಿ ರಾಮಕೃಷ್ಣ. ಬಿ.ಆರ್. ಪಂತುಲು ನಿರ್ದೇಶಿಸಿ ತಾವೇ ತಿಮ್ಮರಸುವಾಗಿ ನಟಿಸಿದ ಈ ಚಿತ್ರ ಹಂಪಿಯ ನೆರೆಯವರಾದ ನಮಗೆ ಮನೆಯ ಕಥೆ. ಇಂಥ ವೈಭವದ ಚಿತ್ರದಲ್ಲಿ ವಿಕಟಕವಿಯನ್ನು ಆಸ್ಥಾನದ ಅಲಂಕಾರ ಮಾಡಿ ಕೂರಿಸುವುದು ಸುಲಭ. ಮಂತ್ರಿ ಹೇಳಲಾಗದ್ದನ್ನು ಕವಿ ನಗುತ್ತ ಹೇಳಬಲ್ಲ ಎಂಬ ಸಲಿಗೆ ನರಸಿಂಹರಾಜು ಅವರ ನಿಲುವಿನಲ್ಲೇ ಇದೆ. ದೊಡ್ಡಾಟದ ಸಾರಥಿಗೆ ಇರುವುದೂ ಅದೇ ಸಲಿಗೆ.

ಅವರ ಜೋಡಿ ಟಿ.ಎನ್. ಬಾಲಕೃಷ್ಣ. ಅರಸೀಕೆರೆಯವರು, 1943ರ ‘ರಾಧಾರಮಣ’ದಿಂದ ತೆರೆಗೆ ಬಂದವರು, ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದವರು. ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಎದುರಿನವರ ತುಟಿ, ಮುಖ ನೋಡಿಕೊಂಡು, ಅವರ ಮಾತನ್ನೂ ತಾವೇ ಬಾಯಿಪಾಠ ಮಾಡಿಕೊಂಡು ಉತ್ತರ ಕೊಡುತ್ತಿದ್ದರು. ಕೇಳಿಸಿಕೊಳ್ಳುವುದೇ ಜೀವಾಳವಾದ ಕಲೆಯಲ್ಲಿ ಕಿವಿಯಿಲ್ಲದವರೊಬ್ಬರು ಇಷ್ಟು ಎತ್ತರಕ್ಕೆ ಏರಿದ್ದು ನನಗೆ ಪ್ರತಿ ಸಲವೂ ಬೆರಗು. ಅವರು ಎದುರಿನ ನಟನನ್ನು ನೋಡುವ ತೀಕ್ಷ್ಣತೆಯಲ್ಲಿ ಅದರ ಗುರುತಿದೆ. ‘ಬಂಗಾರದ ಮನುಷ್ಯ’ದ (1972) ರಾಚೂಟಪ್ಪನಂಥ ಅಂತಃಕರಣದ ಪಾತ್ರವನ್ನೂ, ಕುಟಿಲ ಖಳನನ್ನೂ, ಕೋಡಂಗಿಯನ್ನೂ ಅವರು ಒಂದೇ ಮೈಯಿಂದ ತೆಗೆದರು. ಹಾಸ್ಯನಟ ಎಂಬ ಹಣೆಪಟ್ಟಿ ಅವರ ಅರ್ಧ ಸಾಮರ್ಥ್ಯಕ್ಕೂ ಸಾಲದು.

ಈ ಇಬ್ಬರು ಕನ್ನಡ ಚಿತ್ರರಂಗಕ್ಕೆ ನಗೆಯಾಚೆಗೂ ಏನು ಕೊಟ್ಟರು ಎಂಬುದನ್ನು ಮರೆತಿದ್ದೇವೆ. ಐವತ್ತರ ದಶಕದ ಕೊನೆಯಲ್ಲಿ ಚಿತ್ರಗಳಿಲ್ಲದೆ ಕಲಾವಿದರು ಕಂಗೆಟ್ಟಾಗ ರಾಜಕುಮಾರ್, ಜಿ.ವಿ. ಅಯ್ಯರ್, ನರಸಿಂಹರಾಜು, ಬಾಲಕೃಷ್ಣ ನಾಲ್ವರೂ ಕಲಾವಿದರ ಸಂಘ ಕಟ್ಟಿ ಊರೂರಲ್ಲಿ ನಾಟಕವಾಡಿ ದುಡ್ಡು ಕೂಡಿಸಿದರು, ‘ರಣಧೀರ ಕಂಠೀರವ’ವನ್ನು (1960) ತೆರೆಗೆ ತಂದರು. ಮದರಾಸಿನ ಸ್ಟುಡಿಯೋಗಳ ಹಂಗು ತಪ್ಪಲಿ ಎಂದು ಬಾಲಕೃಷ್ಣ ಅರವತ್ತರ ದಶಕದಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಅಭಿಮಾನ್ ಸ್ಟುಡಿಯೋ ಕಟ್ಟಲು ಕೈ ಹಾಕಿದರು, ಅದಕ್ಕಾಗಿ ಉದ್ದಕ್ಕೂ ಕಷ್ಟಪಟ್ಟರು. 1995ರಲ್ಲಿ ಅವರು ತೀರಿಕೊಂಡಾಗಲೂ ಆ ಕನಸು ಪೂರ್ತಿ ಕೈಗೂಡಿರಲಿಲ್ಲ. ನಾಯಕನಟರ ಬಗ್ಗೆ ಗ್ರಂಥಗಳೇ ಬಂದಿರುವ ನಾಡಿನಲ್ಲಿ ಇವರ ಕುರಿತ ಗಂಭೀರ ಬರಹ ಸಾಲದು.

ಇದೇ ಕಾಲದಲ್ಲಿ ಅತ್ತ ಈಜಿಪ್ಟಿನಲ್ಲಿ ಇಸ್ಮಾಯಿಲ್ ಯಾಸೀನ್ ಎಂಬ ನಟ ಅರಬ್ಬೀ ಮಾತಾಡುವ ನಾಡುಗಳನ್ನೆಲ್ಲ ನಗಿಸುತ್ತಿದ್ದರು. ಸೂಯೆಜ್ ಊರಿನ ಬಡ ಹುಡುಗ, ಕೈರೋದ ಮನರಂಜನೆಯ ರಂಗಗಳಲ್ಲಿ ನಗೆಹಾಡು ಹಾಡುತ್ತ ಮೇಲೆ ಬಂದವರು. ನರಸಿಂಹರಾಜುಗೆ ಹಲ್ಲು, ಅವರಿಗೆ ಅಗಲವಾದ ಬಾಯಿ. 1954ರಲ್ಲಿ ಬರಹಗಾರ ಅಬು ಅಲ್ ಸೌದ್ ಅಲ್ ಇಬ್ಯಾರಿ ಜೊತೆ ಸ್ವಂತ ನಾಟಕ ತಂಡ ಕಟ್ಟಿ 1966ರವರೆಗೆ ನಡೆಸಿದರು. ಅವರ ಜನಪ್ರಿಯತೆ ಎಷ್ಟಿತ್ತೆಂದರೆ ಚಿತ್ರಗಳ ಶೀರ್ಷಿಕೆಯಲ್ಲೇ ಅವರ ಹೆಸರು ಬಂತು: ‘ಸೈನ್ಯದಲ್ಲಿ ಇಸ್ಮಾಯಿಲ್ ಯಾಸೀನ್’ (1955), ಆಮೇಲೆ ಪೊಲೀಸಿನಲ್ಲಿ, ನೌಕಾಪಡೆಯಲ್ಲಿ. ಪಾತ್ರಕ್ಕೆ ಬೇರೆ ಹೆಸರು ಬೇಕಾಗಲಿಲ್ಲ. ಅದೇ ಅವರಿಗೆ ಮುಳುವೂ ಆಯಿತು. ಅರವತ್ತರ ದಶಕದಲ್ಲಿ ಅಭಿರುಚಿ ಬದಲಾದಾಗ ಆ ಒಂದು ಮುಖಕ್ಕೆ ಬೇರೆ ಕಥೆ ಇರಲಿಲ್ಲ. 1972ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಅವಕಾಶಗಳು ಬತ್ತಿದ್ದವು.

ಕನ್ನಡದಲ್ಲಿ ಆ ದಾರಿ ಹಿಡಿದವರು ದ್ವಾರಕೀಶ್. ‘ಕುಳ್ಳ ಏಜೆಂಟ್ 000’ (1972), ‘ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ’ (1978), ‘ಪ್ರಚಂಡ ಕುಳ್ಳ’ (1984): ಎತ್ತರವೇ ಶೀರ್ಷಿಕೆಯಾಯಿತು. ಕನ್ನಡ ಚಿತ್ರವನ್ನು ಪರದೇಶಕ್ಕೆ ಕೊಂಡೊಯ್ದು ಚಿತ್ರಿಸಿದ, ಸೋಲಿಗೆ ಅಂಜದೆ ಮತ್ತೆ ಮತ್ತೆ ಹಣ ಹೂಡಿದ ಆ ನಿರ್ಮಾಪಕನ ಎದೆಗಾರಿಕೆಗೆ ನಾನು ತಲೆಬಾಗುತ್ತೇನೆ. ನಟನಾಗಿ ಮಾತ್ರ ಅವರು ತಮ್ಮ ಗುರುತಿನ ಒಳಗೇ ಉಳಿದರು. ನರಸಿಂಹರಾಜು ತಮ್ಮ ಹಲ್ಲನ್ನು ಪಾತ್ರದ ಸೇವೆಗೆ ಒಪ್ಪಿಸಿದ್ದರು.

ಹಳೆಯ ಪರಂಪರೆಯ ದೋಷಗಳನ್ನು ಮುಚ್ಚಿಡುವುದು ಅದಕ್ಕೆ ಗೌರವ ತರುವುದಿಲ್ಲ. ಕಂಪನಿ ನಾಟಕದ ನಗೆ ಹೆಣ್ಣಿನ ಮೇಲೆ ಬಹಳ ಸಲ ಕ್ರೂರವಾಗಿತ್ತು. ವಯಸ್ಸಾದ ಹೆಂಗಸು, ದಪ್ಪನೆಯ ಹೆಂಡತಿ, ಮದುವೆಯಾಗದವಳು ಕಂಡರೆ ಸಾಕು, ನಗಬೇಕು ಎಂಬ ಒಪ್ಪಂದವಿತ್ತು. ಸಿನಿಮಾ ಅದನ್ನು ಹಾಗೇ ಎತ್ತಿಕೊಂಡಿತು. ದ್ವಂದ್ವಾರ್ಥದ ಮಾತು ಕೊನೆಕೊನೆಗೆ ಕಂಪನಿಗಳ ಊರುಗೋಲಾಗಿ, ಮನೆಮಂದಿ ಕೂತು ನೋಡುವ ನಾಟಕ ಕಡಿಮೆಯಾಯಿತು.

ಇನ್ನೊಂದು ದೋಷ ನಮ್ಮನ್ನು ನೇರವಾಗಿ ತಟ್ಟುವಂಥದು. ಮದರಾಸು, ಬೆಂಗಳೂರುಗಳಲ್ಲಿ ತಯಾರಾದ ಚಿತ್ರಗಳಲ್ಲಿ ನಾಯಕ ಮೈಸೂರು ಕಡೆಯ ಕನ್ನಡ ಆಡುತ್ತಿದ್ದ. ಬಳ್ಳಾರಿ, ರಾಯಚೂರು, ಧಾರವಾಡದ ಮಾತು ಬಂದರೆ ಅದು ಸಾಮಾನ್ಯವಾಗಿ ನಗಿಸುವುದಕ್ಕೆ ಬಂತು. ಆ ಮಾತಿನಲ್ಲಿ ಅಳುವ, ಪ್ರೀತಿಸುವ, ಯೋಚಿಸುವ ಮನುಷ್ಯರಿದ್ದಾರೆ ಎಂಬುದು ತೆರೆಗೆ ಬಹಳ ಕಾಲ ಹೊಳೆಯಲಿಲ್ಲ. ಬೀದರ ಕಡೆಯ ವೈಜನಾಥ ಬಿರಾದಾರ್ ಅವರನ್ನೇ ನೋಡಿ. ನೂರಾರು ಚಿತ್ರಗಳಲ್ಲಿ ಭಿಕ್ಷುಕ, ಕುಡುಕ ಎಂದು ಒಂದೆರಡು ನಿಮಿಷ ಬಂದುಹೋದವರು. ಗಿರೀಶ ಕಾಸರವಳ್ಳಿಯವರು ‘ಕನಸೆಂಬ ಕುದುರೆಯನೇರಿ’ಯಲ್ಲಿ (2010) ಅವರಿಗೆ ಗೋರಿ ಅಗೆಯುವ ಈರ್ಯಾನ ಪಾತ್ರ ಕೊಟ್ಟರು, ಸ್ಪೇನಿನ ಚಿತ್ರೋತ್ಸವದಲ್ಲಿ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಇಷ್ಟು ದಿನ ಆ ನಟ ಎಲ್ಲೂ ಅಡಗಿರಲಿಲ್ಲ, ನಮ್ಮ ಕಣ್ಣೆದುರೇ ಇದ್ದರು. ಅವರಿಗೆ ಕಥೆ ಕೊಟ್ಟವರಿರಲಿಲ್ಲ, ಅಷ್ಟೆ.

ಎಪ್ಪತ್ತರ ದಶಕದ ನಂತರ ಹಾಸ್ಯಕ್ಕೆ ಪ್ರತ್ಯೇಕ ಟ್ರ್ಯಾಕು ಬರೆಯುವ ಪದ್ಧತಿ ಬಲವಾಯಿತು. ಮುಖ್ಯ ಕಥೆ ಒಂದು ಕಡೆ, ಹಾಸ್ಯದ ಸೀನುಗಳು ಇನ್ನೊಂದು ಕಡೆ, ಎರಡನ್ನೂ ಎಡಿಟಿಂಗ್ ಮೇಜಿನ ಮೇಲೆ ಹೊಲಿಯುವುದು. ಹೀಗೆ ಹಾಸ್ಯನಟನಿಗೆ ಎದುರಾಳಿ ಇಲ್ಲವಾದ. ಕೇಳಿಸಿಕೊಳ್ಳುವವರು ಇಲ್ಲದ ಕಡೆ ದನಿ ತಾನಾಗಿ ಏರುತ್ತದೆ, ಮುಖ ತಾನಾಗಿ ಸೊಟ್ಟಗಾಗುತ್ತದೆ. ಪುಟ್ಟಣ್ಣ ಕಣಗಾಲರ ‘ಕಥಾಸಂಗಮ’ದಲ್ಲಿ (1976) ಎಂ.ಎಸ್. ಉಮೇಶ್ ಅವರಿಗೆ ಸಿಕ್ಕಂಥ ಪಾತ್ರ ಅವರಿಗೇ ಮತ್ತೆ ಹೆಚ್ಚು ಸಿಗಲಿಲ್ಲ. ಅವರೂ ರಂಗಭೂಮಿಯಿಂದ ಬಂದವರು. ಕಸುಬು ಬಲ್ಲ ನಟರಿದ್ದರು. ಅವರನ್ನು ಒಳಗೊಳ್ಳುವ ಚಿತ್ರಕಥೆ ಬರೆಯುವವರು ಕಡಿಮೆಯಾದರು.

ನಮ್ಮ ಭಾಗದಲ್ಲಿ ಕಥೆಯೊಳಗಿನ ನಗೆಯ ಜಾಗಕ್ಕೆ ಬಂದದ್ದು ಹಾಸ್ಯ ಸಂಜೆ. ಹರಪನಹಳ್ಳಿಯಲ್ಲಿ ಹುಟ್ಟಿ ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡುತ್ತ ಬರೆದ ಬೀಚಿಯವರ ನಗೆಬರಹದ ಪಾತ್ರ ತಿಂಮನನ್ನು ಹೊಳೆಯಾಚೆ ಗಂಗಾವತಿಯ ಬಿ. ಪ್ರಾಣೇಶ್ ವೇದಿಕೆಗೆ ತಂದರು. ಇಲ್ಲಿಯ ಮಾತು ಇಲ್ಲಿ ತಲೆತಗ್ಗಿಸದೆ ನಿಂತಿತು. ಸಿನಿಮಾ ಕಸಿದುಕೊಂಡ ಮರ್ಯಾದೆಯನ್ನು ಅದು ಮರಳಿ ಕೊಟ್ಟಿತು. ಈ ಸಾಧನೆ ದೊಡ್ಡದು. ಆದರೂ ಅಲ್ಲಿ ನಿಂತಿರುವವನು ಒಬ್ಬನೇ. ಮಾತಿದೆ, ಮೈ ಇಲ್ಲ, ಪ್ರಸಂಗವಿದೆ, ಪಾತ್ರವಿಲ್ಲ. ಕಿಳ್ಳೇಕ್ಯಾತನಿಗೆ ಬಂಗಾರಕ್ಕ ಬೇಕಿದ್ದಳು.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಪಾಳಿಯ ಮೇಲೆ ಹೋಗಿಬರುವ ಹುಡುಗರು ನರಸಿಂಹರಾಜು ಅವರನ್ನು ಮೊಬೈಲಿನಲ್ಲಿ ನೋಡುತ್ತಾರೆ. ಎರಡು ನಿಮಿಷದ ತುಣುಕು, ಮುಂದೆ ಹಿಂದೆ ಏನೂ ಇಲ್ಲ. ನಗುತ್ತಾರೆ ಕೂಡ, ಅದು ಆ ನಟನ ಶಕ್ತಿ. ನಕ್ಷತ್ರಿಕ ಗೊಣಗುವಾಗ ಪಕ್ಕದಲ್ಲಿ ನಡೆಯುತ್ತಿದ್ದ ಹರಿಶ್ಚಂದ್ರ ಮಾತ್ರ ಆ ತುಣುಕಿನಿಂದ ಕತ್ತರಿಸಿಹೋಗಿದ್ದಾನೆ. ‘ಸತ್ಯ ಹರಿಶ್ಚಂದ್ರ’ಕ್ಕೆ ಬಣ್ಣ ತುಂಬಿ 2008ರಲ್ಲಿ ಮತ್ತೆ ಬಿಡುಗಡೆ ಮಾಡಿದರು, ಅದು ಇಡಿಯಾಗಿ ಸಿಗುತ್ತದೆ, ಇಡಿಯಾಗಿ ನೋಡಬೇಕು.

ಇದಕ್ಕಿಂತ ತುರ್ತಿನ ಕೆಲಸ ಒಂದಿದೆ. ಮರಿಯಮ್ಮನಹಳ್ಳಿಯಂಥ ಕಲಾವಿದರ ಊರು ಹೊಸಪೇಟೆಗೆ ಕೂಗಳತೆಯಲ್ಲಿದೆ. ಕ್ಯಾಂಪಿನಿಂದ ಕ್ಯಾಂಪಿಗೆ ಅಲೆದು ಹಾಸ್ಯದ ಪಾರ್ಟು ಮಾಡಿದ ಹಿರಿಯರು, ದೊಡ್ಡಾಟದಲ್ಲಿ ಸಾರಥಿಯಾಗಿ ನಿಂತವರು ಈ ಸುತ್ತಿನಲ್ಲಿ ಇನ್ನೂ ಇದ್ದಾರೆ. ಅವರ ಅಡ್ಡಮಾತುಗಳು ಯಾವ ಮುದ್ರಿತ ನಾಟಕದಲ್ಲೂ ಇಲ್ಲ, ಆ ರಾತ್ರಿಯ ಜನರನ್ನು ನೋಡಿ ಆಡಿದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೂ ಅಕಾಡೆಮಿಗಳಿಗೂ ನನ್ನ ಕೋರಿಕೆ ಇಷ್ಟೆ: ಅವರನ್ನು ಒಬ್ಬೊಬ್ಬರನ್ನಾಗಿ ಮೈಕಿನ ಮುಂದೆ ಕೂರಿಸಬೇಡಿ. ಎದುರು ಪಾತ್ರ ಮಾಡುತ್ತಿದ್ದವರನ್ನೂ ಕರೆಸಿ, ಇಬ್ಬರನ್ನೂ ರಂಗದ ಮೇಲೆ ನಿಲ್ಲಿಸಿ, ಜನ ಸೇರಿಸಿ, ಇಡೀ ಪ್ರಸಂಗ ಆಡಿಸಿ ಚಿತ್ರೀಕರಿಸಿ. ಈ ವರ್ಷವೇ ಮಾಡಿ.